ಒಂದೇ ಬೀಜ, ದೇಶಕ್ಕೊಂದು ರುಚಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಸಂಘದ ಲೆಕ್ಕಪತ್ರ, ಪಾಲು ಬಂಡವಾಳ, ಸಾಲ ವಸೂಲಾತಿಯ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಯವರೂ ಬರೆದಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕಿಳಿದ ನಾವು ಹೊಸದಾಗಿ ಎಂತ ಬರೆಯುವುದು ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ಎರಡು ವರ್ಷದ ಹಿಂದಿನ ಮಹಾಸಭೆಯ ದಿನ ನಡೆದ ಒಂದು ಸಣ್ಣ ಸಂಗತಿ.

ಅಂದು ಸಭೆ ಮುಗಿದು ಚಹಾ ಕುಡಿಯುವಾಗ, ಅಮೆರಿಕದಿಂದ ರಜೆಯಲ್ಲಿ ಬಂದಿದ್ದ ನಮ್ಮೂರಿನ ಹುಡುಗನೊಬ್ಬ ಒಂದು ದೊಡ್ಡ ಪೊಟ್ಟಣ ಚಾಕಲೇಟು ತಂದು ಎಲ್ಲರಿಗೂ ಹಂಚಿದ. ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ತುಂಡು ಬಾಯಿಗೆ ಹಾಕಿ ಮುಖ ಹುಳ್ಳಗೆ ಮಾಡಿದರು. "ಎಂತ ಮಗಾ, ಇದು ಹಾಳಾಗಿದೆ. ಹಳೇ ಬೆಣ್ಣೆಯ ವಾಸನೆ ಬರ್ತದೆ. ಅಂಗಡಿಯವ ನಿನಗೆ ಮೋಸ ಮಾಡಿದ್ದಾನೆ" ಎಂದರು. ಹುಡುಗ ನಕ್ಕು, "ಇಲ್ಲ ಅಜ್ಜ, ಇದು ಹೊಸತೇ. ಅಲ್ಲಿ ಎಲ್ಲರೂ ತಿನ್ನುವುದು ಇದನ್ನೇ. ಅವರಿಗೆ ನಮ್ಮದು ಕೊಟ್ಟರೆ ಬರೀ ಸಕ್ಕರೆ ಅಂತಾರೆ" ಎಂದ. ಅಜ್ಜನವರಿಗೆ ನಂಬಿಕೆ ಬರಲಿಲ್ಲ. ನಮಗೂ ಬರಲಿಲ್ಲ. ಬೀಜ ಒಂದೇ, ಸಕ್ಕರೆ ಒಂದೇ, ಹಾಲು ಒಂದೇ. ಹಾಗಿರುವಾಗ ರುಚಿ ಬೇರೆ ಆಗುವುದು ಹೇಗೆ?

ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಬೆಳೆಸಿ, ಹಸಿ ಬೀಜವನ್ನು ಗೋಣಿಯಲ್ಲಿ ತಂದು ಸಂಘದ ತಕ್ಕಡಿಗೆ ಹಾಕುವ ನಾವು ಈ ಪ್ರಶ್ನೆ ಕೇಳಿಕೊಳ್ಳಲೇ ಇಲ್ಲವಲ್ಲ ಎಂದು ಆ ದಿನ ನಾಚಿಕೆಯಾಯಿತು. ಆಮೇಲೆ ಸಿಕ್ಕಿದ್ದನ್ನು ಓದಿದೆವು, ತಿಳಿದವರನ್ನು ಕೇಳಿದೆವು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಕೊನೆಯಲ್ಲಿ ನಮ್ಮ ಸಂಘಕ್ಕೇ ಸಂಬಂಧಪಟ್ಟ ಒಂದು ಮಾತು ಉಂಟು. ದಯವಿಟ್ಟು ಅಲ್ಲಿಯ ತನಕ ಓದಬೇಕು.

ಮೊದಲು ಅದು ಕುಡಿಯುವ ವಸ್ತು

ಕೊಕ್ಕೊ ಮೂಲತಃ ಅಮೆರಿಕ ಖಂಡದ ಬಿಸಿ ಕಾಡಿನ ಮರ. ಈಗ ಮೆಕ್ಸಿಕೊ ಎಂದು ಕರೆಯುವ ದೇಶದಲ್ಲಿ ಹಿಂದೆ ಆಳಿದ ಆಜ್ಟೆಕ್ ಜನರು ಬೀಜವನ್ನು ಹುರಿದು, ಕಲ್ಲಿನಲ್ಲಿ ಅರೆದು, ನೀರಿನಲ್ಲಿ ಕಲಸಿ, ನೊರೆ ಬರಿಸಿ ಕುಡಿಯುತ್ತಿದ್ದರು. ಸಕ್ಕರೆ ಇಲ್ಲ, ಹಾಲೂ ಇಲ್ಲ. ಕೆಲವೊಮ್ಮೆ ಮೆಣಸು ಹಾಕುತ್ತಿದ್ದರು. ಕಹಿಯಾದ ಕಷಾಯವೆಂದೇ ಹೇಳಬಹುದು. ಬೀಜಕ್ಕೆ ಎಷ್ಟು ಬೆಲೆ ಇತ್ತೆಂದರೆ ಅದನ್ನು ಹಣದ ಹಾಗೆ ಸಂತೆಯಲ್ಲಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು. 1519ರಲ್ಲಿ ಸ್ಪೇನಿನವರು ಅಲ್ಲಿಗೆ ಹೋದ ಮೇಲೆ ಅದಕ್ಕೆ ಸಕ್ಕರೆ, ದಾಲ್ಚಿನ್ನಿ ಸೇರಿತು, ಸಮುದ್ರ ದಾಟಿ ಯುರೋಪಿಗೂ ಹೋಯಿತು.

ಮೆಕ್ಸಿಕೊದಲ್ಲಿ ಇಂದಿಗೂ ಆ ಹಳೆಯ ಜಾಡು ಉಳಿದಿದೆ. ಓಹಾಕಾ ಎಂಬ ಕಡೆ ಜನರು ತಮ್ಮ ಬೀಜ, ಸಕ್ಕರೆ, ದಾಲ್ಚಿನ್ನಿ, ಬಾದಾಮಿಯನ್ನು ಮಿಲ್ಲಿಗೆ ಒಯ್ದು, ತಮಗೆ ಬೇಕಾದ ಹದದಲ್ಲಿ ಅರೆಸಿಕೊಂಡು ಬರುತ್ತಾರೆ. ನಾವು ಅಕ್ಕಿ, ಮೆಣಸು ಮಿಲ್ಲಿಗೆ ಒಯ್ದ ಹಾಗೆಯೇ. ಅದನ್ನು ಬಿಲ್ಲೆ ಮಾಡಿ ಇಟ್ಟುಕೊಂಡು, ಬೇಕಾದಾಗ ಬಿಸಿ ಹಾಲಿಗೋ ನೀರಿಗೋ ಹಾಕಿ, ಮರದ ಕಡೆಗೋಲಿನಂಥ ಸಾಧನದಿಂದ ಎರಡು ಅಂಗೈ ನಡುವೆ ತಿರುಗಿಸಿ ನೊರೆ ಬರಿಸುತ್ತಾರೆ. ನಮ್ಮ ಮನೆಯಲ್ಲಿ ಮಜ್ಜಿಗೆ ಕಡೆಯುವುದನ್ನು ನೋಡಿದವರಿಗೆ ಅದು ಹೊಸ ನೋಟವೇ ಅಲ್ಲ. ಆ ಬಿಲ್ಲೆಯನ್ನು ಹಾಗೆಯೇ ಕಚ್ಚಿದರೆ ಸಕ್ಕರೆಯ ಹರಳು ನಾಲಿಗೆಗೆ ತಾಗುತ್ತದೆ. ಸ್ವಿಸ್ ಚಾಕಲೇಟು ತಿಂದು ಅಭ್ಯಾಸವಾದವನು "ಇದು ಸರಿಯಾಗಿ ಅರೆದಿಲ್ಲ" ಎನ್ನುತ್ತಾನೆ. ಮೆಕ್ಸಿಕೊದ ಅಜ್ಜಿಗೆ ಅದೇ ಸರಿಯಾದ ಹದ.

ತಿನ್ನುವ ಚಾಕಲೇಟು ಹುಟ್ಟಿದ್ದು ತುಂಬಾ ತಡವಾಗಿ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಅರೆದ ಕೊಕ್ಕೊವನ್ನು ಯಂತ್ರದಲ್ಲಿ ಒತ್ತಿ ಅದರ ಜಿಡ್ಡನ್ನು, ಅಂದರೆ ಕೊಕ್ಕೊ ಬೆಣ್ಣೆಯನ್ನು ಬೇರೆ ಮಾಡುವ ಕ್ರಮ ಕಂಡುಕೊಂಡರು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪನಿಯವರು ಕೊಕ್ಕೊ ಪುಡಿ, ಸಕ್ಕರೆಗೆ ಆ ಬೆಣ್ಣೆಯನ್ನೇ ಕರಗಿಸಿ ಸೇರಿಸಿ ಅಚ್ಚಿಗೆ ಹೊಯ್ದರು. ನಾವು ಇಂದು ಕಾಣುವ ಗಟ್ಟಿ ಚಾಕಲೇಟು ಶುರುವಾದದ್ದು ಹಾಗೆ. ಆಗಲೂ ಅದು ಕಪ್ಪಗೆ, ಕಹಿಯಾಗಿಯೇ ಇತ್ತು.

ಹಾಲು ಸೇರಿದ ಮೇಲೆ ದಾರಿ ಕವಲಾಯಿತು

ರುಚಿ ದೇಶಕ್ಕೊಂದು ಆದದ್ದಕ್ಕೆ ಮುಖ್ಯ ಕಾರಣ ಹಾಲು. ದನ ಸಾಕಿದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಹಾಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಚಾಕಲೇಟಿನಲ್ಲಿ ಇರುವುದು ಜಿಡ್ಡು. ನೀರೂ ಜಿಡ್ಡೂ ಸೇರುವುದಿಲ್ಲ, ಸೇರಿಸಿದರೂ ಬೂಸ್ಟು ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನ ಡೇನಿಯಲ್ ಪೀಟರ್ ಎಂಬವನು ಮೊದಲು ಮೇಣದ ಬತ್ತಿ ಮಾಡುತ್ತಿದ್ದವನು. ಸೀಮೆ ಎಣ್ಣೆಯ ದೀಪ ಬಂದು ಮೇಣದ ಬತ್ತಿಯ ವ್ಯಾಪಾರ ಬಿದ್ದುಹೋಯಿತು. ಹೆಂಡತಿಯ ತವರಿನವರು ಚಾಕಲೇಟು ಮಾಡುವವರಾದ್ದರಿಂದ ಇವನೂ ಆ ಕೆಲಸಕ್ಕೆ ಇಳಿದ. ಅದೇ ಊರಿನಲ್ಲಿ ಹೆನ್ರಿ ನೆಸ್ಲೆ ಎಂಬವನು ಹಾಲು, ಹಿಟ್ಟಿನಿಂದ ಮಕ್ಕಳ ಆಹಾರ ತಯಾರಿಸುತ್ತಿದ್ದ. ಹಾಲಿನ ನೀರನ್ನು ಮೊದಲೇ ತೆಗೆದು ಆಮೇಲೆ ಸೇರಿಸಬೇಕು ಎಂಬ ಗುಟ್ಟು ಪೀಟರನಿಗೆ ಕೈಗೂಡಿದ್ದು 1875ರಲ್ಲಿ, ಹಲವು ವರ್ಷ ಸೋತ ಮೇಲೆ.

ನಾಲ್ಕು ವರ್ಷ ಕಳೆದು 1879ರಲ್ಲಿ ಬರ್ನ್ ನಗರದ ರೊಡಾಲ್ಫ್ ಲಿಂಟ್ ಎಂಬವನು ಚಿಪ್ಪಿನ ಆಕಾರದ ತೊಟ್ಟಿಯಲ್ಲಿ ಬಿಸಿ ಚಾಕಲೇಟನ್ನು ಕಲ್ಲಿನ ಉರುಳೆಯಿಂದ ಗಂಟೆಗಟ್ಟಲೆ ತಿಕ್ಕುವ ಯಂತ್ರ ಮಾಡಿದ. ಒಂದು ಶನಿವಾರ ಯಂತ್ರ ನಿಲ್ಲಿಸಲು ಮರೆತು ಹೋದ, ಸೋಮವಾರ ಬಂದು ನೋಡಿದರೆ ಚಾಕಲೇಟು ರೇಷ್ಮೆಯ ಹಾಗಾಗಿತ್ತು ಎಂದು ಒಂದು ಕಥೆ ಉಂಟು. ಕಥೆ ಏನೇ ಇರಲಿ, ಹೀಗೆ ತಿಕ್ಕಿದರೆ ಹುಳಿ ವಾಸನೆ ಆರಿಹೋಗುತ್ತದೆ, ಸಕ್ಕರೆ, ಕೊಕ್ಕೊ ಎಲ್ಲ ಕಣಗಳ ಮೇಲೂ ಬೆಣ್ಣೆ ಸವರಿಕೊಳ್ಳುತ್ತದೆ, ಬಾಯಲ್ಲಿ ಇಟ್ಟರೆ ತಾನಾಗಿ ಕರಗುತ್ತದೆ. ಸ್ವಿಸ್ ಚಾಕಲೇಟಿನ ಗುರುತು ಇದೇ. ಅವರು ಹೆಚ್ಚಾಗಿ ಬಳಸುವುದು ಹಾಲಿನ ಪುಡಿ. ಆದ್ದರಿಂದ ಅದರಲ್ಲಿ ತಾಜಾ ಹಾಲಿನ, ಕೆನೆಯ ರುಚಿ ಎದ್ದು ಕಾಣುತ್ತದೆ.

ಇಂಗ್ಲೆಂಡಿನವರು ಹಿಡಿದ ದಾರಿಯೇ ಬೇರೆ. ಅಲ್ಲಿ ವಸಂತ, ಬೇಸಿಗೆಯಲ್ಲಿ ಹಸಿರು ಹುಲ್ಲು ಇರುವಾಗ ಹಾಲು ಹೊಳೆಯ ಹಾಗೆ, ಚಳಿಗಾಲಕ್ಕೆ ಹಾಲು ಕಡಿಮೆ. ಆದರೆ ಚಾಕಲೇಟಿಗೆ ಬೇಡಿಕೆ ಚಳಿಗಾಲದಲ್ಲಿ, ಕ್ರಿಸ್‌ಮಸ್ ಹೊತ್ತಿಗೆ. ಸಿಕ್ಕಿದಾಗಿನ ಹಾಲನ್ನು ಕೂಡಿಡುವುದು ಹೇಗೆ? ಅವರು ಹಾಲಿಗೆ ಸಕ್ಕರೆ ಹಾಕಿ ಕಾಯಿಸಿ ಬತ್ತಿಸಿ, ಅದಕ್ಕೆ ಅರೆದ ಕೊಕ್ಕೊ ಸೇರಿಸಿ, ಒಣಗಿಸಿ ಪುಡಿಪುಡಿ ಮಾಡಿ ಇಟ್ಟುಕೊಂಡರು. ಅದಕ್ಕೆ ಅಲ್ಲಿ ಕ್ರಂಬ್ ಎನ್ನುತ್ತಾರೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಲು ಸಕ್ಕರೆ ಕೂಡಿ ಕಾದರೆ ಎಂತ ಆಗುತ್ತದೆ ಎಂದು ನಮ್ಮ ಹೆಂಗಸರಿಗೆ ಗೊತ್ತು: ಬಣ್ಣ ಕೆಂಪಗಾಗುತ್ತದೆ, ಪೇಡೆಯ ಪರಿಮಳ ಬರುತ್ತದೆ. ಧಾರವಾಡ ಪೇಡೆಯಲ್ಲಿರುವ ಆ ಕಾದ ಹಾಲಿನ ಸೊಗಸು ಯಾವುದೋ, ಹೆಚ್ಚು ಕಡಿಮೆ ಅದೇ ಜಾತಿಯ ಸೊಗಸು ಇಂಗ್ಲಿಷ್ ಚಾಕಲೇಟಿನದು. 1905ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಡ್ಬರಿಯವರ ಡೈರಿ ಮಿಲ್ಕ್ ಜನರ ಬಾಯಿಗೆ ಹಿಡಿದ ಮೇಲೆ ಬ್ರಿಟಿಷರಿಗೆ ಚಾಕಲೇಟು ಎಂದರೆ ಆ ರುಚಿಯೇ ಆಯಿತು. ನಮ್ಮ ದೇಶಕ್ಕೂ ಅದೇ ಕಂಪನಿ 1948ರಲ್ಲಿ ಬಂದದ್ದು. ಆದ್ದರಿಂದ ನಮ್ಮಲ್ಲಿ ಹಲವರ ನಾಲಿಗೆ ಮೊದಲು ಅಭ್ಯಾಸವಾದದ್ದು ಇಂಗ್ಲೆಂಡಿನ ಜಾಡಿಗೆ. ಅಮೆರಿಕದ ತುಂಡು ತಿಂದು ಅಜ್ಜನವರು ಮುಖ ಹುಳ್ಳಗೆ ಮಾಡಿದ್ದರ ಗುಟ್ಟು ಅರ್ಧ ಇಲ್ಲೇ ಉಂಟು.

ಅಮೆರಿಕದ ಹುಳಿ

ಉಳಿದ ಅರ್ಧ ಗುಟ್ಟು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಉಂಟು. ಅಲ್ಲಿ ಮಿಲ್ಟನ್ ಹರ್ಷಿ ಎಂಬವನು ಸಕ್ಕರೆ ಮಿಠಾಯಿಯ ವ್ಯಾಪಾರಿ. ಎರಡು ಮೂರು ಸಲ ವ್ಯಾಪಾರದಲ್ಲಿ ಮುಳುಗಿ ಎದ್ದವನು. 1893ರಲ್ಲಿ ಶಿಕಾಗೊದ ದೊಡ್ಡ ವಸ್ತುಪ್ರದರ್ಶನದಲ್ಲಿ ಜರ್ಮನಿಯ ಚಾಕಲೇಟು ಯಂತ್ರ ನೋಡಿ ಮರುಳಾದ. 1900ರಲ್ಲಿ ಮಿಠಾಯಿ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ, ತಾನು ಹುಟ್ಟಿದ ಹಳ್ಳಿಯ ಕಡೆ, ಹಾಲು ಕರೆಯುವ ರೈತರ ನಡುವೆ ದೊಡ್ಡ ಕಾರ್ಖಾನೆ ಕಟ್ಟಿದ. 1905ರಲ್ಲಿ ಅದು ತಯಾರಾಯಿತು. ಆ ಊರಿಗೆ ಈಗ ಅವನದೇ ಹೆಸರು.

ಯುರೋಪಿನವರು ತಮ್ಮ ಗುಟ್ಟು ಬಿಟ್ಟುಕೊಡುವವರಲ್ಲ. ಹರ್ಷಿ ತಾನೇ ಕಾಯಿಸಿ, ಸುಟ್ಟು, ಚೆಲ್ಲಿ, ಕೊನೆಗೆ ಹಾಲನ್ನು ಬತ್ತಿಸುವ ತನ್ನದೇ ಕ್ರಮ ಕಂಡುಕೊಂಡ. ಆ ಕ್ರಮವನ್ನು ಕಂಪನಿಯವರು ಬಹಿರಂಗ ಮಾಡಿಲ್ಲ. ಆದರೆ ಈ ವಿಷಯ ಬಲ್ಲವರು ಹೇಳುವುದು ಹೀಗೆ: ಆ ಕ್ರಮದಲ್ಲಿ ಹಾಲಿನ ಕೊಬ್ಬು ಸ್ವಲ್ಪ ಒಡೆಯುತ್ತದೆ, ಒಡೆದಾಗ ಬ್ಯುಟಿರಿಕ್ ಆಮ್ಲ ಎಂಬ ಹುಳಿ ಹುಟ್ಟುತ್ತದೆ. ಬೆಣ್ಣೆ ಹಳತಾದಾಗ ಬರುವ ಕಮಟು ವಾಸನೆಗೂ, ಇಟಲಿಯ ಹಳೆಯ ಚೀಸಿನ ಘಾಟಿಗೂ ಕಾರಣ ಇದೇ ಆಮ್ಲ. ಅಂದರೆ ಅಜ್ಜನವರ ನಾಲಿಗೆ ಹೇಳಿದ್ದು ನೂರಕ್ಕೆ ನೂರು ಸರಿ. ತೀರ್ಪು ಮಾತ್ರ ತಪ್ಪು. ಅದು ಹಾಳಾದದ್ದಲ್ಲ, ಅಲ್ಲಿಯ ಹದವೇ ಹಾಗೆ.

ಅಗ್ಗದ ಬೆಲೆಗೆ ಮೂಲೆ ಮೂಲೆಯ ಅಂಗಡಿಗೂ ಹೋದ ಮೊದಲ ಹಾಲು ಚಾಕಲೇಟು ಅದು. ಅಲ್ಲಿಯ ಮಕ್ಕಳು ಅದನ್ನೇ ತಿಂದು ಬೆಳೆದರು. ಅವರ ಮಕ್ಕಳೂ ಅದನ್ನೇ ತಿಂದರು. ಈಗ ಆ ಸಣ್ಣ ಹುಳಿ ಇಲ್ಲದಿದ್ದರೆ ಅವರಿಗೆ ಚಾಕಲೇಟು ತಿಂದ ಹಾಗೆ ಆಗುವುದಿಲ್ಲ. ನಮ್ಮ ಕಡೆ ಕುಚ್ಚಲಕ್ಕಿ ಉಂಡವರಿಗೆ ಬೆಳ್ತಿಗೆ ಅನ್ನ ಉಂಡರೆ ಊಟ ಮಾಡಿದ ಹಾಗೆ ಆಗುವುದಿಲ್ಲವಲ್ಲ, ಹಾಗೆ.

ಒಂದೇ ಹೆಸರಿನ ಚಾಕಲೇಟೂ ಬೇರೆ ಆಗಬಹುದು. ಅಮೆರಿಕದಲ್ಲಿ ಕ್ಯಾಡ್ಬರಿ ಹೆಸರಿನ ಚಾಕಲೇಟು ತಯಾರಿಸುವ ಹಕ್ಕು 1988ರಿಂದ ಹರ್ಷಿ ಕಂಪನಿಯದು. ಇಂಗ್ಲೆಂಡಿನ ಹೊದಿಕೆಯ ಮೇಲೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಹಾಲು. ಅಮೆರಿಕದ ಹೊದಿಕೆಯಲ್ಲಿ ಮೊದಲ ಹೆಸರು ಸಕ್ಕರೆ. ಕೆಲವು ಅಂಗಡಿಯವರು ಇಂಗ್ಲೆಂಡಿನದನ್ನೇ ತರಿಸಿ ಮಾರುತ್ತಿದ್ದರು. ಹರ್ಷಿಯವರು ಕೋರ್ಟಿಗೆ ಹೋದ ಮೇಲೆ 2015ರ ಜನವರಿಯಲ್ಲಿ ರಾಜಿಯಾಗಿ ಅದು ನಿಂತಿತು. ಅಮೆರಿಕದಲ್ಲಿ ನೆಲೆಸಿದ್ದ ಇಂಗ್ಲಿಷರು ಸಿಟ್ಟಾಗಿ ಸಹಿ ಸಂಗ್ರಹವನ್ನೇ ಮಾಡಿದರು. ಒಂದು ತುಂಡು ಚಾಕಲೇಟಿಗೆ ಅಷ್ಟು ಗಲಾಟೆಯೇ ಎಂದು ಕೇಳಬೇಡಿ. ದುಬೈಗೆ ಹೋಗುವ ನಮ್ಮ ಮಕ್ಕಳು ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿ ತುಂಬಿಸಿಕೊಂಡು ಹೋಗುವುದು ಎಂತಕ್ಕೆ?

ಕಾನೂನಿಗೂ ಒಂದು ರುಚಿ ಉಂಟು

ಚಾಕಲೇಟು ಎಂದು ಹೆಸರು ಹಾಕಿ ಮಾರಬೇಕಾದರೆ ಅದರಲ್ಲಿ ಎಷ್ಟು ಕೊಕ್ಕೊ ಇರಬೇಕು ಎಂದು ಸರಕಾರಗಳು ಕಾನೂನು ಮಾಡಿವೆ. ಯುರೋಪಿನ ಒಕ್ಕೂಟದಲ್ಲಿ ಹಾಲು ಚಾಕಲೇಟಿಗೆ ಕೊಕ್ಕೊದ ಅಂಶ ಕನಿಷ್ಠ ನೂರಕ್ಕೆ 25, ಹಾಲಿನ ಅಂಶ 14. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕೊಕ್ಕೊ 20 ಇದ್ದರೂ ಸಾಕು, ಆದರೆ ಹಾಲು 20 ಇರಬೇಕು. ಅಮೆರಿಕದಲ್ಲಿ ಅರೆದ ಕೊಕ್ಕೊ ಬರೀ 10 ಇದ್ದರೆ ಸಾಕು, ಹಾಲು 12. ಲೆಕ್ಕ ಹಾಕುವ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಒಟ್ಟಿನ ಅಂತರ ಯಾರಿಗೂ ತಿಳಿಯುತ್ತದೆ. ಕೊಕ್ಕೊ ಕಡಿಮೆಯಾದರೆ ಆ ಜಾಗಕ್ಕೆ ಬರುವುದು ಸಕ್ಕರೆ.

ಇದರ ಮೇಲೆ ಯುರೋಪಿನಲ್ಲಿ ಒಂದು ದೊಡ್ಡ ಜಗಳವೇ ನಡೆಯಿತು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ದೇಶಗಳು ಯುರೋಪಿನ ಒಕ್ಕೂಟಕ್ಕೆ ಸೇರಿದವು. ಅವರು ಕೊಕ್ಕೊ ಬೆಣ್ಣೆಯ ಜತೆ ಸ್ವಲ್ಪ ಬೇರೆ ಸಸ್ಯದ ಜಿಡ್ಡನ್ನೂ ಸೇರಿಸುವವರು. ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ಪೇನಿನವರು "ಅದು ಚಾಕಲೇಟೇ ಅಲ್ಲ" ಎಂದು ಪಟ್ಟು ಹಿಡಿದರು. ಜಗಳ ಮುಗಿಯಲು 27 ವರ್ಷ ಬೇಕಾಯಿತು. 2000ನೇ ಇಸವಿಯ ಕಾನೂನಿನಲ್ಲಿ ನೂರಕ್ಕೆ 5ರಷ್ಟು ಬೇರೆ ಜಿಡ್ಡು ಸೇರಿಸಬಹುದು, ಆದರೆ ಹೊದಿಕೆಯ ಮೇಲೆ ಸ್ಪಷ್ಟವಾಗಿ ಬರೆಯಬೇಕು ಎಂದು ತೀರ್ಮಾನವಾಯಿತು. ಆದರೂ ಇಟಲಿ ಮತ್ತು ಸ್ಪೇನಿನವರು ಅದನ್ನು "ಬದಲಿ ಚಾಕಲೇಟು" ಎಂದೇ ಕರೆಯಬೇಕು ಎಂದಿದ್ದರು. 2003ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯ ಅದು ಸರಿಯಲ್ಲ ಎಂದು ತೀರ್ಪು ಕೊಟ್ಟಿತು.

ಇದರಲ್ಲಿ ನಮಗೆ ಆಶ್ಚರ್ಯವಾದ ಸಂಗತಿ ಒಂದು ಉಂಟು. ಆ ಕಾನೂನಿನಲ್ಲಿ ಸೇರಿಸಬಹುದಾದ ಜಿಡ್ಡುಗಳೆಂದು ಆರೇ ಆರು ಹೆಸರಿವೆ. ಅದರಲ್ಲಿ ತಾಳೆ ಎಣ್ಣೆ ಇದೆ, ಆಫ್ರಿಕದ ಶಿಯಾ ಇದೆ, ಮಾವಿನ ಗೊರಟಿನ ಜಿಡ್ಡು ಇದೆ. ಜತೆಗೆ ನಮ್ಮ ಪುನರ್ಪುಳಿಯ ಬೀಜದ ಜಿಡ್ಡೂ ಇದೆ! ಉತ್ತರ ಕನ್ನಡದವರು ಮುರುಗಲು ಎನ್ನುವ ಅದೇ ಕಾಯಿ. ಹಿಮ್ಮಡಿ ಒಡೆದರೆ ಹಚ್ಚಲು ಅಜ್ಜಿಯಂದಿರು ಉಂಡೆ ಕಟ್ಟಿ ಇಡುತ್ತಿದ್ದ ಆ ಬೆಣ್ಣೆಗೆ ಯುರೋಪಿನ ಕಾನೂನು ಪುಸ್ತಕದಲ್ಲಿ ಜಾಗ ಸಿಕ್ಕಿದೆ. ನಾವೋ, ಸಿಪ್ಪೆ ಒಣಗಿಸಿಕೊಂಡು ಬೀಜವನ್ನು ಬಿಸಾಡುತ್ತೇವೆ.

ಇನ್ನು ಸೆಕೆಯ ವಿಷಯ. ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕೆಳಗೆ. ಬಾಯಲ್ಲಿ ಕರಗುವ ಸುಖ ಬರುವುದು ಆದ್ದರಿಂದಲೇ. ಆದರೆ ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಕಪಾಟಿನಲ್ಲೇ ಕರಗಿದರೆ ಮಾರುವುದು ಹೇಗೆ? ಬಿಸಿ ದೇಶಗಳಿಗೆಂದು ಮಾಡುವ ಚಾಕಲೇಟಿನಲ್ಲಿ ಬೇಗ ಮೆತ್ತಗಾಗುವ ಹಾಲಿನ ಕೊಬ್ಬನ್ನು ಕಡಿಮೆ ಮಾಡುವುದು, ಗಟ್ಟಿ ಜಿಡ್ಡು ಸೇರಿಸುವುದು ಎಲ್ಲ ಉಂಟು. ಹಾಗೆ ಮಾಡಿದರೆ ಬಾಯಲ್ಲೂ ನಿಧಾನವಾಗಿ ಕರಗುತ್ತದೆ. ಇದಕ್ಕೆ ಒಂದು ತಮಾಷೆಯ ಉದಾಹರಣೆ: 1937ರಲ್ಲಿ ಅಮೆರಿಕದ ಸೈನ್ಯದ ಕ್ಯಾಪ್ಟನ್ ಪಾಲ್ ಲೋಗನ್ ಎಂಬವರು ಸೈನಿಕರ ತುರ್ತು ಊಟಕ್ಕೆ ಸೆಕೆಯಲ್ಲೂ ಕರಗದ ಚಾಕಲೇಟು ಮಾಡಿಕೊಡಿ ಎಂದು ಹರ್ಷಿಯವರನ್ನು ಕೇಳಿದರು. ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿದ್ದರೆ ಸಾಕು, ಜಾಸ್ತಿ ರುಚಿ ಇದ್ದರೆ ಸೈನಿಕರು ಹಸಿವಿಲ್ಲದಾಗಲೇ ತಿಂದು ಮುಗಿಸುತ್ತಾರೆ ಎಂಬುದು ಅವರ ಲೆಕ್ಕ. ಓಟ್ಸ್ ಹಿಟ್ಟು ಸೇರಿಸಿ ಹಾಗೆಯೇ ಮಾಡಿಕೊಟ್ಟರು. ಸೈನಿಕರು ಬೈದುಕೊಂಡು ತಿಂದರು.

ಬೀಜದಲ್ಲೇ ಇರುವ ರುಚಿ

ಇಲ್ಲಿಯ ತನಕ ಹೇಳಿದ್ದು ಕಾರ್ಖಾನೆಯ ಮಾತು. ಹಾಲು, ಸಕ್ಕರೆ, ಯಂತ್ರ, ಕಾನೂನು ಯಾವುದೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಇರುವುದು ಬೀಜ.

ಮರದಿಂದ ಈಗಷ್ಟೇ ಕೊಯ್ದ ಕಾಯಿಯ ಬೀಜ ಕಚ್ಚಿ ನೋಡಿದವರಿಗೆ ಗೊತ್ತು: ಹೊರಗಿನ ಲೋಳೆ ಸಿಹಿ ಹುಳಿ, ಒಳಗಿನ ಬೀಜ ಕಹಿ, ಒಗರು. ಚಾಕಲೇಟಿನ ಪರಿಮಳ ಅದರಲ್ಲಿ ಎಳ್ಳಷ್ಟೂ ಇಲ್ಲ. ಆ ಪರಿಮಳಕ್ಕೆ ಬೇಕಾದದ್ದು ಹುಟ್ಟುವುದು ಬೀಜವನ್ನು ರಾಶಿ ಹಾಕಿ ಹುಳಿ ಬರಿಸಿದಾಗ. ಲೋಳೆಯ ಸಕ್ಕರೆ ಮೊದಲು ಹೆಂಡದ ಹಾಗೆ ಹುದುಗುತ್ತದೆ, ಆಮೇಲೆ ಹುಳಿಯಾಗುತ್ತದೆ, ರಾಶಿ 45ರಿಂದ 50 ಡಿಗ್ರಿ ತನಕ ಬಿಸಿಯೇರುತ್ತದೆ. ಆ ಬಿಸಿ, ಹುಳಿಗೆ ಬೀಜದ ಮೊಳಕೆ ಸತ್ತು ಒಳಗೆ ಬದಲಾವಣೆ ಆಗುತ್ತದೆ. ಐದಾರು ದಿನ ಹೀಗೆ ಇಟ್ಟು, ನಡುನಡುವೆ ಮಗುಚಿ, ಆಮೇಲೆ ಬಿಸಿಲಿನಲ್ಲಿ ತೇವ ನೂರಕ್ಕೆ 7ರ ತನಕ ಇಳಿಯುವಂತೆ ಒಣಗಿಸಬೇಕು. ಅಂಥ ಬೀಜವನ್ನು ಹುರಿದಾಗ ಮಾತ್ರ ಚಾಕಲೇಟಿನ ಪರಿಮಳ ಏಳುತ್ತದೆ.

ಆಫ್ರಿಕದ ಘಾನಾ ದೇಶಕ್ಕೆ ಕೊಕ್ಕೊ ಸಸಿ ತಂದು ಬೆಳೆಸಿದವರಲ್ಲಿ ಹೆಸರಾದವನು ಟೆಟ್ಟೆ ಕ್ವಾರ್ಶಿ, 1879ರಲ್ಲಿ. ಆ ದೇಶದಲ್ಲಿ ನಮ್ಮ ಹಾಗೆಯೇ ಸಣ್ಣ ಸಣ್ಣ ರೈತರು. ಬಾಳೆ ಎಲೆಯ ಮೇಲೆ ಬೀಜ ರಾಶಿ ಹಾಕಿ, ಬಾಳೆ ಎಲೆಯಿಂದಲೇ ಮುಚ್ಚಿ ಆರು ದಿನ ಇಟ್ಟು, ಚಾಪೆಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಆ ಬೀಜಕ್ಕೆ ಪ್ರಪಂಚದಲ್ಲೇ ಒಳ್ಳೆಯ ಹೆಸರು. ಮಲೇಶಿಯಾದಲ್ಲಿ ದೊಡ್ಡ ದೊಡ್ಡ ಎಸ್ಟೇಟುಗಳಲ್ಲಿ ಆಳವಾದ ಪೆಟ್ಟಿಗೆಯಲ್ಲಿ ಹುಳಿ ಬರಿಸಿ ಯಂತ್ರದಲ್ಲಿ ಗಡಿಬಿಡಿಯಿಂದ ಒಣಗಿಸಿದರು. ಹುಳಿ ಒಳಗೇ ಉಳಿದುಬಿಟ್ಟಿತು, ಖರೀದಿದಾರರು ಬೆಲೆ ಇಳಿಸಿದರು. ಪಪುವಾ ನ್ಯೂಗಿನಿ ಎಂಬ ದೇಶದಲ್ಲಿ ಮಳೆ ಜಾಸ್ತಿ. ಸೌದೆ ಬೆಂಕಿಯಲ್ಲಿ ಒಣಗಿಸುವಾಗ ಹೊಗೆ ತಾಗಿ ಬೀಜಕ್ಕೆ ಹೊಗೆ ವಾಸನೆ ಬರುವುದು ಅಲ್ಲಿಯ ಹಳೆಯ ಸಮಸ್ಯೆ. ದಕ್ಷಿಣ ಅಮೆರಿಕದ ಈಕ್ವೆಡಾರಿನ ಒಂದು ಹಳೆಯ ತಳಿಗೆ ಹೂವಿನ ಪರಿಮಳ ಉಂಟು, ಅದಕ್ಕೆ ಬೇರೆಯೇ ಧಾರಣೆ.

ನೋಡಿ, ತಳಿ, ಮಣ್ಣು, ಮಳೆಯ ಜತೆಗೆ ರೈತನ ಕೈಗುಣವೂ ಬೀಜದಲ್ಲಿ ಕೂತುಕೊಳ್ಳುತ್ತದೆ. ಹುಳಿ ವಾಸನೆಯನ್ನು ಲಿಂಟನ ಯಂತ್ರ ಸ್ವಲ್ಪ ಕಳೆಯಬಹುದು. ಬೂಸ್ಟಿನ ವಾಸನೆ, ಹೊಗೆಯ ವಾಸನೆ ಬೀಜಕ್ಕೆ ಇಳಿದರೆ ಯಾವ ಯಂತ್ರವೂ ತೆಗೆಯುವುದಿಲ್ಲ.

ನಾವು ಪಾಠ ಕಲಿತದ್ದು

ಈ ಮಾತು ನಾವು ಪುಸ್ತಕದಲ್ಲಿ ಓದುವ ಮೊದಲೇ ನಷ್ಟ ಮಾಡಿಕೊಂಡು ಕಲಿತಿದ್ದೆವು. ಹಳೆಯ ಸದಸ್ಯರಿಗೆ 2011ರ ಮಳೆಗಾಲ ನೆನಪಿರಬಹುದು. ಹಸಿ ಬೀಜ ಕೊಡುವ ಬದಲು ನಾವೇ ಹುಳಿ ಬರಿಸಿ ಒಣಗಿಸಿ ಕೊಟ್ಟರೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಎಂದು ಬೋರ್ಡ್ ಮೀಟಿಂಗಿನಲ್ಲಿ ಹುರುಪಿನಿಂದ ಠರಾವು ಮಾಡಿದೆವು. ಕೈ ಎತ್ತಿದವರಲ್ಲಿ ನಾವೂ ಇದ್ದೆವು. ಹುಳಿ ಬರಿಸುವ ತನಕ ಎಲ್ಲ ಸರಿಯೇ ಇತ್ತು. ಒಣಗಿಸಬೇಕಾದಾಗ ಹದಿನೈದು ದಿನ ಸೂರ್ಯ ಮುಖ ತೋರಿಸಲಿಲ್ಲ. ಬೀಜ ಬೂಸ್ಟು ಹಿಡಿಯಲು ಶುರುವಾದಾಗ ಗಾಬರಿಯಾಗಿ ರಬ್ಬರು ಶೀಟಿನ ಹೊಗೆಮನೆಯಲ್ಲಿ ಹರಡಿದೆವು. ನೋಡಲು ಚೆನ್ನಾಗಿಯೇ ಒಣಗಿತು.

ಖರೀದಿಯವರು ಬಂದು ಹತ್ತು ಬೀಜ ತೆಗೆದು ಚಾಕುವಿನಿಂದ ಸೀಳಿದರು, ಮೂಸಿದರು. "ಏನು ಸ್ವಾಮಿ, ಇದಕ್ಕೆ ಹೊಗೆ ಕೊಟ್ಟಿದ್ದೀರಾ?" ಎಂದು ಕೇಳಿದರು. ಸುಮಾರು ಮೂರು ಕ್ವಿಂಟಾಲ್ ಬೀಜ ಅವರು ಮುಟ್ಟಲಿಲ್ಲ. ಸದಸ್ಯರಿಗೆ ಹಸಿ ಬೀಜದ ಹಣವನ್ನು ಸಂಘ ಕೊಟ್ಟಾಗಿತ್ತು, ನಷ್ಟ ಸಂಘದ ತಲೆಗೆ ಬಿತ್ತು. ಆ ವರ್ಷದ ಮಹಾಸಭೆಯಲ್ಲಿ ನಿರ್ದೇಶಕರಾದ ನಾವು ತಲೆ ತಗ್ಗಿಸಿ ಕೂತದ್ದು ಈಗಲೂ ಮರೆತಿಲ್ಲ. ಅದೇ ಅಜ್ಜನವರು ಎದ್ದು ನಿಂತು, "ತಪ್ಪು ಮಾಡಿದ್ದಾರೆ, ಆದರೆ ಮುಚ್ಚಿಡಲಿಲ್ಲ. ಮುಂದಿನ ವಿಷಯ ತೆಗೆದುಕೊಳ್ಳಿ" ಎಂದರು. ಆ ಒಂದು ಮಾತಿಗೆ ನಾವು ಇಂದಿಗೂ ಋಣಿ.

ನಮ್ಮ ಜಿಲ್ಲೆಯಲ್ಲಿ ಕೊಕ್ಕೊ ಬೆಳೆಗಾರ ಇದಕ್ಕಿಂತ ದೊಡ್ಡ ಪೆಟ್ಟು ತಿಂದವನೇ. 1979-80ರ ಸುಮಾರಿಗೆ ಧಾರಣೆ ಕುಸಿದು, ಅಷ್ಟರ ತನಕ ಮನೆ ಬಾಗಿಲಿಗೆ ಬಂದು ಕೊಳ್ಳುತ್ತಿದ್ದವರು ಹಿಂದೆ ಸರಿದಾಗ, ಕೆಲವರು ಮರಗಳನ್ನೇ ಕಡಿದು ಹಾಕಿದರು. ನಮ್ಮ ತಂದೆಯವರು ಗೋಣಿಗಟ್ಟಲೆ ಬೀಜವನ್ನು ತೆಂಗಿನ ಬುಡಕ್ಕೆ ಸುರಿದದ್ದನ್ನು ಹೇಳುತ್ತಿದ್ದರು. ಆಗ ಕೈ ಹಿಡಿದದ್ದು ಸಹಕಾರವೇ. ಅಡಿಕೆಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ರೈತರದೇ ಆದ ಚಾಕಲೇಟು ಕಾರ್ಖಾನೆ ತಲೆ ಎತ್ತಿತು. ಬೀಜ ಬೆಳೆದವನೇ ಚಾಕಲೇಟಿಗೂ ಒಡೆಯನಾಗುವುದು ಪ್ರಪಂಚದಲ್ಲಿ ಅಪರೂಪ. ಅತಿ ಹೆಚ್ಚು ಕೊಕ್ಕೊ ಬೆಳೆಯುವ ಐವರಿ ಕೋಸ್ಟಿನಲ್ಲಿ ಚಾಕಲೇಟಿನ ರುಚಿ ನೋಡದ ಬೆಳೆಗಾರರು ಎಷ್ಟೋ ಮಂದಿ ಇದ್ದಾರೆ. ನಮ್ಮ ಮಕ್ಕಳಿಗೆ ಆ ಗತಿ ಬರಲಿಲ್ಲ.

2024ರಲ್ಲಿ ಐವರಿ ಕೋಸ್ಟ್, ಘಾನಾಗಳಲ್ಲಿ ರೋಗ, ಹವಾಮಾನದಿಂದ ಬೆಳೆ ಬಿದ್ದಾಗ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಎಂದೂ ಕಾಣದ ಬೆಲೆ ಬಂತು. ಆಗ ಎಂತೆಂಥ ಬೀಜ ತಕ್ಕಡಿಗೆ ಬಂತು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಎಳೆ ಕಾಯಿಯದ್ದು, ಕೊಳೆತದ್ದು, ಮೊಳಕೆ ಬಂದದ್ದು, ತೂಕ ಬರಲೆಂದು ನೀರು ಹಾಕಿದ್ದು. "ಈಗ ಎಲ್ಲ ನಡೀತದೆ" ಎಂದರು ಕೆಲವರು. ಆಮೇಲೆ ಧಾರಣೆ ಇಳಿಯಿತು. ಇಳಿದಾಗ ಖರೀದಿಯವರು ಮೊದಲು ನೋಡುವುದು ಗುಣಮಟ್ಟವನ್ನೇ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಚಾಕಲೇಟು ಯಾವ ದೇಶದ್ದು ಮೇಲು, ಯಾವುದು ಕೀಳು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಸ್ವಿಸ್ಸರಿಗೆ ನಯ, ಇಂಗ್ಲಿಷರಿಗೆ ಕಾದ ಹಾಲು, ಅಮೆರಿಕದವರಿಗೆ ಹುಳಿ, ಮೆಕ್ಸಿಕೊದವರಿಗೆ ಸಕ್ಕರೆಯ ಹರಳು. ಅವರವರ ಹಾಲು, ಅವರವರ ಹವೆ, ಅವರವರ ಅಜ್ಜಿ ಕೊಟ್ಟ ರುಚಿ ಅದು. ಆದರೆ ಕೆಟ್ಟ ಬೀಜದಿಂದ ಒಳ್ಳೆಯ ಚಾಕಲೇಟು ಮಾಡಿದ ದೇಶ ಮಾತ್ರ ಯಾವುದೂ ಇಲ್ಲ. ಹಣ್ಣಾದ ಕಾಯಿಯನ್ನೇ ಕೊಯ್ಯೋಣ. ಕೊಳೆತದ್ದನ್ನು ತೋಟದಲ್ಲೇ ಬೇರೆ ಮಾಡೋಣ. ಒಡೆದ ಬೀಜವನ್ನು ಅದೇ ದಿನ, ತಪ್ಪಿದರೆ ಮರುದಿನ ಸಂಘಕ್ಕೆ ತಲುಪಿಸೋಣ. ತಕ್ಕಡಿಯ ಹತ್ತಿರ ನಿಂತ ನಮ್ಮ ಹುಡುಗರು ಒಂದು ಗೋಣಿ ಬೇಡ ಎಂದರೆ ಅವರ ಮೇಲೆ ಸಿಟ್ಟಾಗುವುದು ಬೇಡ. ಆ ಗೋಣಿ ಒಂದು ನಿರ್ದೇಶಕರ ಮನೆಯದ್ದೇ ಆಗಿದ್ದರೂ ಅದೇ ನಿಯಮ. ಕಳೆದ ವರ್ಷ ನಮ್ಮದೇ ಒಂದು ಗೋಣಿ ವಾಪಸು ಬಂದದ್ದು ಊರಿಗೇ ಗೊತ್ತು.

ಇನ್ನು ಆ ಅಮೆರಿಕದ ಚಾಕಲೇಟಿನ ಕಥೆ. ನಾವು ತಿಳಿದುಕೊಂಡದ್ದನ್ನೆಲ್ಲ ಅಜ್ಜನವರಿಗೆ ಹೇಳಿದೆವು. ಅವರು ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿ, "ಹಾಗಾದರೆ ನಾನು ಹೇಳಿದ್ದು ಸರಿಯೇ. ಹಳೇ ಬೆಣ್ಣೆಯೇ!" ಎಂದರು. ಮುಂದಿನ ಸಲ ಹುಡುಗ ಬಂದಾಗ ಇನ್ನೊಂದು ತುಂಡು ತಿಂದು ನೋಡುತ್ತಾರಂತೆ.

 ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಈ ಊರಿನ ಬೀಜಕ್ಕೂ ಒಂದು ಒಳ್ಳೆಯ ಹೆಸರು ಬಂದಿದೆ ಎಂದು ನಮ್ಮ ಮಕ್ಕಳು ಬರೆಯುವಂತಾಗಲಿ.